ತೀವ್ರ ಎಂಡೊಮೆಟ್ರಿಯೋಸಿಸ್‌ಗೆ ಆಪರೇಷನ್: ಹೊರಡುವ ಮೊದಲು ತಿಳಿದಿರಬೇಕಾದದ್ದು

ನಾನು ಅಂಕೋಲಾದವಳು. ಮಂಗಳೂರಿನ ಒಂದು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ನರ್ಸ್ ಆಗಿದ್ದೆ. ಹೆಚ್ಚಿನ ವರ್ಷ ಕಳೆದದ್ದು ಆಪರೇಷನ್ ಥಿಯೇಟರಿನಲ್ಲೇ. ಈಗ ಊರಿಗೆ ಬಂದಿದ್ದೇನೆ. ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಹೆಣ್ಣುಮಕ್ಕಳು ಫೈಲ್ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಅಕ್ಕಾ, ನಾಲ್ಕನೇ ಸ್ಟೇಜ್ ಅಂತೆ, ಆಪರೇಷನ್ ಮಾಡ್ಬೇಕಂತೆ" ಎನ್ನುತ್ತಾರೆ. ಜೊತೆಗೆ ಬಂದ ತಾಯಿಯ ಮುಖ ಬಾಡಿರುತ್ತದೆ. ಅವರನ್ನು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಇದು ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಓವರಿಯಲ್ಲಿ ಬೆಳೆದು ಹಳೆಯ ರಕ್ತ ತುಂಬಿಕೊಂಡರೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಗರ್ಭಕೋಶದ ಹಿಂದೆ, ಕರುಳಿನ ಗೋಡೆಯಲ್ಲಿ, ಮೂತ್ರಚೀಲದಲ್ಲಿ, ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ಮೂತ್ರನಾಳದ ಸುತ್ತ ಆಳವಾಗಿಯೂ ಬೆಳೆಯಬಹುದು. ಒಳಗೆ ಎಲ್ಲವೂ ಹಲಸಿನ ಮೇಣ ಹತ್ತಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಎಷ್ಟು ಗಂಟು, ಎಷ್ಟು ಅಂಟು ಎಂದು ಡಾಕ್ಟರು ಅಂಕ ಹಾಕುತ್ತಾರೆ. 40ಕ್ಕಿಂತ ಜಾಸ್ತಿ ಬಂದರೆ ನಾಲ್ಕನೇ ಸ್ಟೇಜ್. ಆ ಅಂಕಕ್ಕೂ ನೋವಿಗೂ ನೇರ ಸಂಬಂಧ ಇಲ್ಲ. ಒಂದನೇ ಸ್ಟೇಜಿನವಳು ನೋವಿನಿಂದ ನೆಲದಲ್ಲಿ ಹೊರಳಾಡಿದ್ದನ್ನೂ, ನಾಲ್ಕನೇ ಸ್ಟೇಜಿನವಳು ನಡೆದುಕೊಂಡು ಬಂದು ಅಡ್ಮಿಟ್ ಆದದ್ದನ್ನೂ ನೋಡಿದ್ದೇನೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಈ ಕಾಯಿಲೆಯಲ್ಲಿ ಮೊದಲ ದೊಡ್ಡ ಆಪರೇಷನ್ನೇ ಸರಿಯಾದ ಕೈಯಲ್ಲಿ, ಪೂರ್ತಿ ತಯಾರಿಯೊಂದಿಗೆ ಆಗಬೇಕು. ಅರ್ಧಂಬರ್ಧ ಮಾಡಿ ಮತ್ತೆ ತೆರೆದರೆ ಒಳಗೆ ಅಂಟು ಹೆಚ್ಚಾಗಿರುತ್ತದೆ, ಓವರಿಯಲ್ಲಿ ಉಳಿದ ಮೊಟ್ಟೆಗಳು ಇನ್ನಷ್ಟು ಕಡಿಮೆಯಾಗುತ್ತವೆ, ಕರುಳಿಗೆ ಏಟು ಬೀಳುವ ಅಪಾಯವೂ ಏರುತ್ತದೆ. ಒಂದೆರಡು ತಿಂಗಳು ತಡವಾದರೂ ಪರವಾಗಿಲ್ಲ, ಸರಿಯಾದ ಜಾಗ ಹುಡುಕಿ. ಹೆಚ್ಚಿನವರಿಗೆ ಅಷ್ಟು ಸಮಯ ಇರುತ್ತದೆ.

ಸಮಯ ಇಲ್ಲದವರೂ ಇದ್ದಾರೆ. ಮೂತ್ರನಾಳ ಒತ್ತಿಹೋಗಿ ಕಿಡ್ನಿ ಊದಿಕೊಂಡಿದ್ದರೆ ಕಾಯಬಾರದು. ಕರುಳು ಕಿರಿದಾಗಿ ಹೊಟ್ಟೆ ಉಬ್ಬರಿಸುತ್ತಿದ್ದರೆ, ವಾಂತಿಯಾಗುತ್ತಿದ್ದರೆ ಕಾಯಬಾರದು. ಸ್ಕ್ಯಾನಿನಲ್ಲಿ ಸಿಸ್ಟ್ ಕ್ಯಾನ್ಸರಿನ ಅನುಮಾನಕ್ಕೆ ಎಡೆಮಾಡುವಂತೆ ಕಂಡರೂ ಅಷ್ಟೇ. ಉಳಿದವರಿಗೆ ಆಪರೇಷನ್ ಬೇಕಾಗುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಮಾತ್ರೆಯಿಂದ ನೋವು ಹಿಡಿತಕ್ಕೆ ಬರುತ್ತಿಲ್ಲ, ಅಥವಾ ಮಾತ್ರೆಯೇ ಮೈಗೆ ಆಗುತ್ತಿಲ್ಲ. ಮಗು ಬೇಕೆನ್ನುವವರ ಲೆಕ್ಕ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಡೈನೋಜೆಸ್ಟ್ ಎಂಬ ಹಾರ್ಮೋನ್‌ನ 2 ಮಿಲಿಗ್ರಾಂ ಮಾತ್ರೆ ದಿನಾ ನುಂಗಿ ನೋವಿಲ್ಲದೆ ಇರುವವರು, ಕಿಡ್ನಿ ಕರುಳು ಚೆನ್ನಾಗಿರುವವರು, ಸ್ಟೇಜ್ ನಾಲ್ಕು ಎಂಬ ಒಂದೇ ಕಾರಣಕ್ಕೆ ಥಿಯೇಟರ್ ಹತ್ತಬೇಕಾಗಿಲ್ಲ.

ಒಳಗಿನ ನಕ್ಷೆ ಮೊದಲು

ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಿಲ್ಲದೆ ತೆರೆದು ನೋಡೋಣ ಎನ್ನುವ ಕಾಲ ಹೋಯಿತು. ಹಿಂದೆ ಕಾಯಿಲೆ ಪತ್ತೆ ಮಾಡಲಿಕ್ಕೇ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಕ್ಯಾಮೆರಾ ಹಾಕಿ ನೋಡುವುದು, ಮಾಡುತ್ತಿದ್ದರು. ಯುರೋಪಿನ ತಜ್ಞರ ಸಂಘ 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಅದನ್ನು ಬದಲಿಸಿತು. ಈಗ ಸ್ಕ್ಯಾನ್ ಮೊದಲು. ಅದರಲ್ಲಿ ಕಾಣದಿದ್ದರೆ ಅಥವಾ ಔಷಧಿಗೆ ಬಗ್ಗದಿದ್ದರೆ ಮಾತ್ರ ಪತ್ತೆಗಾಗಿ ಕ್ಯಾಮೆರಾ ಹಾಕುವುದು.

ನಿಮಗೆ ಬೇಕಾದದ್ದು ಕೆಳಗಿನಿಂದ, ಅಂದರೆ ಯೋನಿಯ ಮೂಲಕ, ಮಾಡುವ ಅಲ್ಟ್ರಾಸೌಂಡ್. ಎಂಡೊಮೆಟ್ರಿಯೋಸಿಸ್ ನೋಡಿ ಪಳಗಿದವರು ಮಾಡಬೇಕು. ಮಾಮೂಲಿ ಹೊಟ್ಟೆ ಸ್ಕ್ಯಾನಿನಲ್ಲಿ ಸಿಸ್ಟ್ ಕಾಣುತ್ತದೆ, ಕರುಳಿನ ಗಂಟು ಎಷ್ಟೋ ಸಲ ತಪ್ಪಿಹೋಗುತ್ತದೆ. ಅದರ ಜೊತೆಗೆ ಕಿಬ್ಬೊಟ್ಟೆಯ ಎಂಆರ್‌ಐ ಬೇಕಾಗಬಹುದು. ಮದುವೆಯಾಗದ ಹುಡುಗಿಯರ ಮನೆಯವರು ಕೆಳಗಿನ ಸ್ಕ್ಯಾನ್ ಎಂದ ಕೂಡಲೇ ಬೇಡ ಎಂದು ಎದ್ದುಬಿಡುತ್ತಾರೆ. ಹಾಗೆ ಪರೀಕ್ಷೆಯನ್ನೇ ಕೈಬಿಡಬೇಡಿ. ಎಂಆರ್‌ಐ ಮಾಡಿಸಬಹುದು, ಕೆಲವು ಕಡೆ ಗುದದ್ವಾರದ ಮೂಲಕ ಸ್ಕ್ಯಾನ್ ಮಾಡುತ್ತಾರೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ದಾರಿ ಇದೆ.

ಕಿಡ್ನಿಯನ್ನೂ ಅದೇ ಹೊತ್ತಿಗೆ ನೋಡಿಸಿ. ಇದನ್ನು ನಾನು ಯಾರಿಗೂ ಬಿಡದೆ ಹೇಳುತ್ತೇನೆ. ಸಿದ್ದಾಪುರ ಕಡೆಯ ಒಬ್ಬಳಿಗೆ ಮುಟ್ಟಿನ ನೋವು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ಸ್ಕ್ಯಾನ್ ಮಾಡಿದರೆ ಎಡ ಕಿಡ್ನಿ ನೀರು ತುಂಬಿ ಊದಿತ್ತು. ಮೂತ್ರನಾಳವನ್ನು ಗಂಟು ಸುತ್ತಿಕೊಂಡಿತ್ತು. ಕಿಡ್ನಿ ನೋವಿಲ್ಲದೆಯೂ ಸಾಯಬಲ್ಲದು. ಕಿಬ್ಬೊಟ್ಟೆ ಸ್ಕ್ಯಾನ್ ಮಾಡುವಾಗ ಪ್ರೋಬನ್ನು ಒಮ್ಮೆ ಕಿಡ್ನಿ ಮೇಲೂ ಇಟ್ಟರೆ ಗೊತ್ತಾಗಿಬಿಡುತ್ತದೆ.

ಕ್ಯಾನ್ಸರಿನ ಅನುಮಾನಕ್ಕೆ ಮಾಡುವ ಸಿಎ-125 ಎಂಬ ರಕ್ತಪರೀಕ್ಷೆ ಹೆಚ್ಚು ಬಂದಿದೆ ಎಂದು ಅಳಬೇಡಿ. ಎಂಡೊಮೆಟ್ರಿಯೋಸಿಸ್ ಇದ್ದರೆ ಅದು ಏರುವುದು ಸಾಮಾನ್ಯ. ಎಎಂಎಚ್ ಪರೀಕ್ಷೆ ಮಾತ್ರ ಆಪರೇಷನ್ನಿಗೆ ಮೊದಲೇ ಬೇಕು, ಓವರಿಯಲ್ಲಿ ಮೊಟ್ಟೆ ಎಷ್ಟು ಉಳಿದಿರಬಹುದೆಂಬ ಅಂದಾಜು ಅದರಿಂದ ಸಿಗುತ್ತದೆ. ಸಿಸ್ಟ್ ತೆಗೆದ ಮೇಲೆ ಅದು ಇಳಿಯುತ್ತದೆ. ಮೊದಲು ಎಷ್ಟಿತ್ತೆಂದು ಗೊತ್ತಿಲ್ಲದಿದ್ದರೆ ನಂತರದ ನಿರ್ಧಾರಗಳೆಲ್ಲ ಕತ್ತಲಲ್ಲಿ.

ನಿಮ್ಮ ತೊಂದರೆಯನ್ನು ಕ್ಯಾಲೆಂಡರಿನಲ್ಲೇ ಬರೆದಿಡಿ. ಮುಟ್ಟಿನ ಹೊತ್ತಿಗೆ ಮೋಶನ್‌ಗೆ ಹೋಗುವಾಗ ನೋವೇ, ರಕ್ತ ಬೀಳುತ್ತದೆಯೇ? ಮೂತ್ರ ಮಾಡುವಾಗ ಉರಿಯೇ? ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವೇ? ಬಲಭುಜದಲ್ಲಿ ನೋವೇ? ಕೇಳಿದರೆ ನಾಚಿಕೆಯಿಂದ "ಹಾಗೇನಿಲ್ಲ" ಎಂದುಬಿಡುತ್ತಾರೆ. ಎಲ್ಲಿ ಹುಡುಕಬೇಕೆಂದು ಡಾಕ್ಟರಿಗೆ ತಿಳಿಯುವುದು ಈ ಉತ್ತರಗಳಿಂದಲೇ. ಬಾಯಲ್ಲಿ ಹೇಳಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಕೊಡಿ.

ಯಾರ ಹತ್ತಿರ ಹೋಗುವುದು

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದು ಸುಮ್ನೆ ಅಲ್ಲ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ ಮಾಡಿಸಿ ರೆಫರಲ್ ಪಡೆಯಬಹುದು. ಕರುಳಿಗೆ ಹಬ್ಬಿದ ಎಂಡೊಮೆಟ್ರಿಯೋಸಿಸ್‌ಗೆ ಮಾತ್ರ ಹೆಚ್ಚಿನವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಊರು ಯಾವುದಾದರೂ ಇರಲಿ. ನೀವು ನೋಡಬೇಕಾದದ್ದು ತಂಡವನ್ನು.

ಸ್ತ್ರೀರೋಗ ತಜ್ಞರು ಒಬ್ಬರೇ ಸಾಲುವುದಿಲ್ಲ. ಗಂಟು ಕರುಳಿನಲ್ಲಿದ್ದರೆ ಕರುಳಿನ ಸರ್ಜನ್ ಬೇಕು, ಮೂತ್ರನಾಳದಲ್ಲಿದ್ದರೆ ಯೂರಾಲಜಿಸ್ಟ್ ಬೇಕು. "ಬೇಕಾದರೆ ಕರೆಸುತ್ತೇವೆ" ಎಂಬ ಉತ್ತರ ನನಗೆ ಇಷ್ಟವಿಲ್ಲ. ಥಿಯೇಟರಿನಲ್ಲಿ ಹೊಟ್ಟೆ ತೆರೆದಿಟ್ಟುಕೊಂಡು ಫೋನ್ ಮಾಡಿ ಕಾಯುವ ಪರಿಸ್ಥಿತಿ ಎಂಥದ್ದೆಂದು ನೋಡಿದವಳು ನಾನು. ಅವರು ಮೊದಲೇ ನಿಮ್ಮ ಸ್ಕ್ಯಾನ್ ನೋಡಿರಬೇಕು, ಅಂದಿನ ದಿನ ಅದೇ ಕಟ್ಟಡದಲ್ಲಿ ಇರಬೇಕು.

ಡಾಕ್ಟರ ಎದುರು ಕೂತಾಗ ಕೇಳಿ: ಇಂಥ ಆಳದ ಗಂಟುಗಳ ಆಪರೇಷನ್ ನೀವು ಪದೇ ಪದೇ ಮಾಡುತ್ತೀರಾ? ಗಂಟನ್ನು ಬೇರುಸಮೇತ ಕತ್ತರಿಸಿ ತೆಗೆಯುತ್ತೀರಾ, ಮೇಲಿಂದ ಸುಡುತ್ತೀರಾ? ಆಳದ ಗಂಟಿಗೆ ಸುಡುವುದು ಸಾಲದು. ಸಿಸ್ಟನ್ನು ಸೂಜಿ ಹಾಕಿ ಖಾಲಿ ಮಾಡುತ್ತೀರಾ, ಗೋಡೆ ಬಿಡಿಸಿ ತೆಗೆಯುತ್ತೀರಾ? ಬರೀ ಖಾಲಿ ಮಾಡಿದರೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಕರುಳಿನ ಗಂಟಿಗೆ ಏನು ಮಾಡುವ ಯೋಚನೆ? ಮೂರು ರೀತಿ ಇದೆ. ಕರುಳಿನ ಮೇಲಿಂದ ಕೆರೆದು ತೆಗೆಯುವುದು, ಗಂಟಿದ್ದ ಕಡೆ ಬಿಲ್ಲೆಯಷ್ಟು ಕತ್ತರಿಸಿ ಹೊಲಿಯುವುದು, ಆ ತುಂಡನ್ನೇ ತೆಗೆದು ಎರಡು ತುದಿ ಜೋಡಿಸುವುದು. ಗಂಟಿನ ಗಾತ್ರ, ಆಳ, ಎಷ್ಟು ಕಡೆ ಇದೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ಒಳ್ಳೆಯ ಸರ್ಜನ್ ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸುತ್ತಾರೆ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟು ಮಾಡುವವರಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ರೋಬೋಟ್ ಇದೆ ಎಂಬ ಒಂದೇ ಕಾರಣಕ್ಕೆ ಜಾಸ್ತಿ ದುಡ್ಡು ಕೊಟ್ಟು ಓಡಬೇಡಿ. ಅದನ್ನು ಹಿಡಿದ ಕೈ ಯಾವುದು ಎಂಬುದೇ ದೊಡ್ಡದು.

ಸಹಿ ಹಾಕುವ ಮೊದಲು ಆಡಬೇಕಾದ ಮಾತು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆ, ಅವಸರದಲ್ಲಿ. ಮಾತು ಅದಕ್ಕಿಂತ ಎಷ್ಟೋ ಮೊದಲೇ ಆಗಿರಬೇಕು. ಗಂಡ, ಅಮ್ಮ, ಅತ್ತೆ, ಯಾರು ಜೊತೆಗೆ ಬರುತ್ತಾರೋ ಅವರೂ ಕೇಳಿಸಿಕೊಳ್ಳಬೇಕು. ನಿರ್ಧಾರ ಮಾತ್ರ ನಿಮ್ಮದು.

"ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ, ರಗಳೆ ಮುಗೀತು" ಎಂದು ನಮ್ಮ ಕಡೆ ಬಹಳ ಸುಲಭವಾಗಿ ಹೇಳುತ್ತಾರೆ. ಇದು ಗರ್ಭಕೋಶದ ಹೊರಗಿನ ಕಾಯಿಲೆ. ಗರ್ಭಕೋಶ ತೆಗೆದು ಕರುಳಿನ ಮೇಲಿನ ಗಂಟನ್ನು ಅಲ್ಲೇ ಬಿಟ್ಟರೆ ನೋವು ಉಳಿಯಬಹುದು. ಗರ್ಭಕೋಶದ ಗೋಡೆಯೊಳಗೇ ಕಾಯಿಲೆ ಇದ್ದು ರಕ್ತಸ್ರಾವ ಜಾಸ್ತಿ ಇದ್ದರೆ, ಮತ್ತೆ ಮಗು ಬೇಡವಾದರೆ, ತೆಗೆಸುವುದರಲ್ಲಿ ಅರ್ಥ ಇದೆ. ಆಗಲೂ ಗಂಟುಗಳನ್ನೆಲ್ಲ ಅದೇ ಸಲ ತೆಗೆಯಬೇಕು. ಓವರಿಯ ಮಾತು ಇನ್ನೂ ಗಂಭೀರ. ಮೂವತ್ತೈದರ ವಯಸ್ಸಿನಲ್ಲಿ ಎರಡೂ ಓವರಿ ತೆಗೆದರೆ ಮರುದಿನದಿಂದಲೇ ಮುಟ್ಟು ನಿಂತ ಸ್ಥಿತಿ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ತೆಗೆಯಲೇಬೇಕಾದರೆ ನಂತರ ಹಾರ್ಮೋನ್ ಕೊಡುವ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. "ಒಳಗೆ ಏನೇ ಕಂಡರೂ ನನ್ನನ್ನು ಕೇಳದೆ ಓವರಿ ತೆಗೆಯಬಾರದು" ಎನ್ನುವ ಹಕ್ಕು ನಿಮಗಿದೆ. ಅದನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿ.

ಚೀಲದ ಬಗ್ಗೆಯೂ ಕೇಳಿ. ಕರುಳನ್ನು ತುಂಬಾ ಕೆಳಗೆ ಜೋಡಿಸಿದಾಗ ಆ ಜೋಡಣೆ ಗುಣವಾಗಲೆಂದು ಕೆಲವೊಮ್ಮೆ ತಾತ್ಕಾಲಿಕವಾಗಿ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಬರುವಂತೆ ಮಾಡುತ್ತಾರೆ. ಕೆಲವು ತಿಂಗಳ ನಂತರ ಇನ್ನೊಂದು ಚಿಕ್ಕ ಆಪರೇಷನ್ನಿನಲ್ಲಿ ಮುಚ್ಚುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ. ಆದರೆ ಎಚ್ಚರವಾದಾಗಲೇ ಮೊದಲ ಸಲ ಚೀಲ ಕಂಡ ಹೆಣ್ಣಿನ ಅಳು ಬಹಳ ಕಷ್ಟದ್ದು. ಸಾಧ್ಯತೆ ಇದ್ದರೆ ಮೊದಲೇ ಚೀಲವನ್ನು ಕೈಯಲ್ಲಿ ಹಿಡಿದು ನೋಡಿ. ಅದನ್ನು ಕಟ್ಟಿಕೊಂಡು ಅಡುಗೆ ಮಾಡಿದವರು, ಶಾಲೆಗೆ ಹೋಗಿ ಪಾಠ ಹೇಳಿದವರು ನನಗೆ ಗೊತ್ತು.

ಮಗು ಬೇಕೆನ್ನುವವರು ಆಪರೇಷನ್ ದಿನ ಗೊತ್ತುಮಾಡುವ ಮೊದಲು ಬಂಜೆತನದ ತಜ್ಞರನ್ನೂ ಒಮ್ಮೆ ಕಾಣಬೇಕು. ಎಎಂಎಚ್ ಈಗಾಗಲೇ ಕಡಿಮೆ ಇದ್ದು ಎರಡೂ ಕಡೆ ಸಿಸ್ಟ್ ಇದ್ದರೆ ಮೊದಲು ಮೊಟ್ಟೆ ತೆಗೆದು, ಹಾಗೆಯೇ ಅಥವಾ ಭ್ರೂಣ ಮಾಡಿ, ಶೀತಲೀಕರಿಸಿ ಇಡಬಹುದು. ನೇರ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವುದು) ಮಾಡುವುದೇ ಮೇಲು ಎನ್ನಿಸುವ ಸಂದರ್ಭವೂ ಇದೆ, ಸಿಸ್ಟ್ ತೆಗೆದರೆ ಐವಿಎಫ್ ಫಲ ಹೆಚ್ಚುತ್ತದೆ ಎಂದೇನಿಲ್ಲ. ಮದುವೆಯಾಗದ ಹುಡುಗಿಗೂ ಮೊಟ್ಟೆ ಇಡುವ ಅವಕಾಶ ಇದೆ. ಖರ್ಚು ಇದೆ ನಿಜ. ಆದರೂ ಈ ವಿಷಯ ಯಾರೂ ಹೇಳಲೇ ಇಲ್ಲ ಎಂದು ಆಮೇಲೆ ಕೊರಗುವಂತಾಗಬಾರದು, ಅಲ್ವಾ?

ದುಡ್ಡು, ದಾರಿ, ಮಳೆಗಾಲ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಹೊರಡುವ ಮೊದಲೇ ಕೈಯಲ್ಲಿರಲಿ. ಸಹಕಾರಿ ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ, ನಿಂತುಹೋಗಿದ್ದದ್ದು 2022ರಲ್ಲಿ ಮತ್ತೆ ಶುರುವಾಯಿತು. ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಸೊಸೈಟಿ ಸದಸ್ಯತ್ವ ಇದ್ದೇ ಇರುತ್ತದೆ, ಹೆಸರು ನೋಂದಾಯಿಸುವುದು ಮಾತ್ರ ಮರೆತಿರುತ್ತದೆ. ಆಸ್ಪತ್ರೆಯ ಸ್ಕೀಮ್ ಕೌಂಟರಿನಲ್ಲಿ ಒಂದು ಮಾತು ಕೇಳಿ: ಕರುಳಿನ ಸರ್ಜನ್ ಮಾಡುವ ಕೆಲಸವೂ ಇದೇ ಮಂಜೂರಾತಿಯಲ್ಲಿ ಬರುತ್ತದೆಯೇ? ಖಾಸಗಿ ಇನ್ಶೂರೆನ್ಸ್ ಇದ್ದವರೂ ಇದನ್ನೇ ಬರವಣಿಗೆಯಲ್ಲಿ ಪಡೆಯಿರಿ.

ಕರಾವಳಿಯವರಿಗೆ ಮಂಗಳೂರು, ಉಡುಪಿ, ಗೋವಾಕ್ಕೆ ಕೊಂಕಣ ರೈಲು ಇದೆ. ವಾಪಸ್ ಬರುವಾಗ ಕಾರಿಗಿಂತ ರೈಲಿನ ಬರ್ತ್ ಹಿತ, ಕುಲುಕಾಟ ಕಡಿಮೆ. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ ಹತ್ತಿರ. ಮಳೆಗಾಲದಲ್ಲಿ ಒಂದೇ ರಸ್ತೆಯನ್ನು ನಂಬಬೇಡಿ. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಗಿತ್ತು. ಕರುಳಿನ ಕೆಲಸ ಆದವರು ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಓಡಿ ಬರಬಾರದು. ಜೋಡಣೆ ಸೋರಿದರೆ ಅದು ತಿಳಿಯುವುದು ಸಾಮಾನ್ಯವಾಗಿ ಮೊದಲ ಹತ್ತು ದಿನಗಳೊಳಗೆ. ಅಷ್ಟು ದಿನ ಆಸ್ಪತ್ರೆಯ ಹತ್ತಿರವೇ ನೆಂಟರ ಮನೆಯಲ್ಲೋ ರೂಮು ಮಾಡಿಯೋ ಉಳಿಯಿರಿ.

ತಯಾರಿ ಮತ್ತು ಆ ದಿನ

ಹಿಮೋಗ್ಲೋಬಿನ್ ಮೊದಲು. ಹತ್ತಕ್ಕಿಂತ ಕಡಿಮೆ ಇಟ್ಟುಕೊಂಡು ಇಂಥ ಉದ್ದದ ಆಪರೇಷನ್ನಿಗೆ ಬರುವುದು ಒಳ್ಳೆಯದಲ್ಲ. ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಹಾಕುತ್ತಾರೆ, ಕೆಲವೇ ವಾರಗಳಲ್ಲಿ ಏರುತ್ತದೆ. ಕುಡಿಯುತ್ತಿರುವ ಕಷಾಯ, ನಾಟಿ ಔಷಧಿ, ಆಸ್ಪಿರಿನ್ ಎಲ್ಲವನ್ನೂ ಅರಿವಳಿಕೆ ಡಾಕ್ಟರಿಗೆ ಹೇಳಿ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆಪರೇಷನ್ ಸುಲಭವಾಗಲಿ ಎಂದು ಮೊದಲು ತಿಂಗಳುಗಟ್ಟಲೆ ಹಾರ್ಮೋನ್ ಇಂಜೆಕ್ಷನ್ ಹಾಕಿಸಬೇಕಾಗಿಲ್ಲ. ಕಾಯುವ ಅವಧಿಯಲ್ಲಿ ನೋವು ತಗ್ಗಿಸಲು ಕೊಟ್ಟರೆ ಸರಿ.

ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವ ಔಷಧಿ ಕೊಡಬಹುದು, ಕೊಡದೆಯೂ ಇರಬಹುದು. ಘನ ಆಹಾರ ಆರು ತಾಸು ಮೊದಲು ನಿಲ್ಲಿಸಬೇಕು. ನೀರು ಸಾಮಾನ್ಯವಾಗಿ ಎರಡು ತಾಸು ಮೊದಲಿನವರೆಗೆ ಕುಡಿಯಬಹುದು, ವಾರ್ಡಿನಲ್ಲಿ ಹೇಳಿದ್ದೇ ಕೊನೆ. ಗಂಜಿ ತಿಳಿ ನೀರಲ್ಲ, ಅದು ಆಹಾರ. ಉಗುರಿನ ಬಣ್ಣ, ಮೂಗುತಿ, ಬಳೆ ತೆಗೆಯಿರಿ. ಕರಿಮಣಿ ತೆಗೆಯಲು ಅನೇಕರಿಗೆ ಕಷ್ಟ. ಥಿಯೇಟರಿನಲ್ಲಿ ಕರೆಂಟಿನಿಂದ ಸುಡುವ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ಅಮ್ಮನ ಕೈಯಲ್ಲಿ ಕೊಡಿ.

ಒಳಗೆ ಹೊಟ್ಟೆಗೆ ಗ್ಯಾಸ್ ತುಂಬಿ, ಬೆರಳು ಹೋಗುವಷ್ಟೂ ಇಲ್ಲದ ರಂಧ್ರಗಳಿಂದ ಕ್ಯಾಮೆರಾ, ಕತ್ತರಿ ಹಾಕುತ್ತಾರೆ. ಅಂಟು ಬಿಡಿಸುವುದೇ ಅರ್ಧ ಕೆಲಸ. ಮೂತ್ರನಾಳ, ನರ ಎಲ್ಲಿದೆ ಎಂದು ಕಂಡುಹಿಡಿದು ಬದಿಗೆ ಸರಿಸಿದ ಮೇಲೆ ಗಂಟಿಗೆ ಕೈಹಾಕುವುದು. ನಾಲ್ಕೈದು ತಾಸು ಆಗುವುದು ಅಪರೂಪವಲ್ಲ. ಹೊರಗೆ ಬೆಂಚಿನ ಮೇಲೆ ಕೂತವರು ತಾಸು ಎಣಿಸಿ ಹೆದರಬೇಡಿ, ನಿಧಾನ ಎಂದರೆ ಜಾಗ್ರತೆಯಿಂದ ನಡೆಯುತ್ತಿದೆ ಎಂದೇ ಹೆಚ್ಚಿನ ಸಲ ಅರ್ಥ.

ಎಚ್ಚರವಾದ ಮೇಲೆ

ಭುಜ ನೋಯುತ್ತದೆ. ಹೊಟ್ಟೆಗೆ ತುಂಬಿದ ಗ್ಯಾಸಿನ ಕಾರಣ ಅದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಯೂರಿನ್ ಪೈಪ್ ಇರುತ್ತದೆ. ಮೂತ್ರಚೀಲ ಕತ್ತರಿಸಿ ಹೊಲಿದಿದ್ದರೆ ಒಂದೆರಡು ವಾರ ಇಟ್ಟಿರುತ್ತಾರೆ. ಪೈಪ್ ತೆಗೆದ ಮೇಲೆ ಮೂತ್ರ ಸರಿಯಾಗಿ ಬರದಿದ್ದರೆ, ಪೂರ್ತಿ ಖಾಲಿಯಾಗಲಿಲ್ಲ ಅನ್ನಿಸಿದರೆ ತಕ್ಷಣ ಹೇಳಿ. ನರಕ್ಕೆ ಏಟಾದರೆ ಹೀಗಾಗುತ್ತದೆ, ಹೆಚ್ಚಿನವರಿಗೆ ಸರಿಯಾಗುತ್ತದೆ, ಮುಚ್ಚಿಟ್ಟರೆ ಮೂತ್ರಚೀಲ ಹಿಗ್ಗಿ ಕೆಡುತ್ತದೆ. ಅದೇ ಸಂಜೆಯೋ ಮರುದಿನವೋ ಎಬ್ಬಿಸಿ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕೇ ಬೇಕು. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನೂ ಅದಕ್ಕೇ. ಕುಚಲಕ್ಕಿ ಗಂಜಿ ಯಾವಾಗ ಕೊಡಬಹುದು ಎಂದು ಸರ್ಜನ್‌ರನ್ನೇ ಕೇಳಿ, ನೆಂಟರು ತಂದ ಹಣ್ಣು ಕಾಯಲಿ.

ಮನೆಗೆ ಹೋದ ಮೇಲೆ ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಂದು ನೋಡದೆ ಹೊರಡಿ: ಜ್ವರ, ಕಡಿಮೆಯಾಗುವ ಬದಲು ಏರುವ ಹೊಟ್ಟೆನೋವು, ಹೊಟ್ಟೆ ಗಟ್ಟಿಯಾಗಿ ಉಬ್ಬುವುದು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಯೋನಿಯಿಂದ ನೀರಿನಂತೆ ಸೋರುವುದು ಅಥವಾ ಮಲ, ಗಾಳಿ ಬರುವುದು, ಒಂದು ಕಾಲು ಊದಿ ನೋಯುವುದು, ಉಸಿರು ಸಿಕ್ಕಿಕೊಳ್ಳುವುದು. ಹತ್ತಿರದ ಆಸ್ಪತ್ರೆಯಲ್ಲಿ "ಕರುಳಿನ ಮೇಲೆ ಎಂಡೊಮೆಟ್ರಿಯೋಸಿಸ್ ಆಪರೇಷನ್ ಆಗಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಹಾಕಿ ಕಳಿಸುವಂತಾಗಬಾರದು. ನಿಮ್ಮ ಸರ್ಜನ್ ತಂಡಕ್ಕೂ ಅದೇ ಹೊತ್ತಿಗೆ ಫೋನ್ ಹೋಗಲಿ.

ಮನೆಯಲ್ಲಿ ಬಾಣಂತಿಯ ಹಾಗೆ ಕೂರಿಸಿ ಸುಡುನೀರು ಹೊಯ್ಯುವುದು, ಹೊಟ್ಟೆ ಬಿಗಿದು ಕಟ್ಟುವುದು ಬೇಡ. ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಗಾಯ ಒಣಗಿಸಿದರೆ ಸಾಕು. ಆರು ವಾರ ಕೊಡ ಎತ್ತುವುದು, ತೆಂಗಿನಕಾಯಿ ಮೂಟೆ ಸರಿಸುವುದು, ದರೆ ಹತ್ತಿ ಹುಲ್ಲು ತರುವುದು ಯಾವುದೂ ಇಲ್ಲ. ಗಂಡನ ಜೊತೆ ಸೇರುವುದು ಡಾಕ್ಟರು ಪರೀಕ್ಷೆ ಮಾಡಿ ಹೇಳಿದ ಮೇಲೆ. ಮಲಬದ್ಧತೆ ಆಗಲು ಬಿಡಬೇಡಿ. ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ್ದರೆ ಅದನ್ನು ತೆಗೆಸುವ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಒಳಗೆ ಮರೆತುಬಿಟ್ಟ ಸ್ಟೆಂಟಿನ ಮೇಲೆ ಕಲ್ಲು ಕಟ್ಟಿ ಕಿಡ್ನಿಗೇ ತೊಂದರೆಯಾಗುತ್ತದೆ.

ಆಪರೇಷನ್ನಿನಿಂದ ನೋವು ಬಹುಪಾಲು ಇಳಿಯುತ್ತದೆ, ಆದರೆ ಕಾಯಿಲೆ ಮರಳಬಹುದು. ಸದ್ಯಕ್ಕೆ ಮಗು ಬೇಡದವರು ಡೈನೋಜೆಸ್ಟ್, ಗರ್ಭನಿರೋಧಕ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಯಾವುದಾದರೊಂದನ್ನು ಡಾಕ್ಟರು ಹೇಳಿದಂತೆ ಮುಂದುವರಿಸಬೇಕು. ಮುಟ್ಟಿನ ನೋವು ಮರಳದಿರಲು ಕನಿಷ್ಠ 18ರಿಂದ 24 ತಿಂಗಳು ಎಂದು ಮಾರ್ಗಸೂಚಿ ಹೇಳುತ್ತದೆ. "ಆಪರೇಷನ್ ಆಯ್ತಲ್ಲ, ಇನ್ನೇಕೆ ಮಾತ್ರೆ" ಎಂದು ಮನೆಯವರು ಕೇಳಿದರೆ ಇದನ್ನು ಓದಿಸಿ. ಮಗು ಬೇಕೆನ್ನುವವರು ಈ ಮಾತ್ರೆ ತೆಗೆದುಕೊಳ್ಳದೆ, ಸರ್ಜನ್ ಒಪ್ಪಿದ ಕೂಡಲೇ ಪ್ರಯತ್ನ ಶುರುಮಾಡಬಹುದು. ನೋವು ಸ್ವಲ್ಪ ಉಳಿದರೆ ಮತ್ತೆ ಥಿಯೇಟರ್ ಎಂದು ಹೆದರಬೇಡಿ. ವರ್ಷಗಟ್ಟಲೆ ನೋವಿಗೆ ಬಿಗಿದುಕೊಂಡ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಾಗಲು ಫಿಸಿಯೋಥೆರಪಿ ಇದೆ, ಬಹಳ ಜನರಿಗೆ ಅದರಿಂದ ಗುಣ ಕಂಡಿದೆ.

ಡಿಸ್ಚಾರ್ಜ್ ಚೀಟಿಯೊಂದೇ ತಂದರೆ ಸಾಲದು. ಆಪರೇಷನ್ನಿನಲ್ಲಿ ಎಲ್ಲೆಲ್ಲಿ ಏನು ಕಂಡಿತು, ಏನು ತೆಗೆದರು, ಏನು ಬಿಟ್ಟರು ಎಂಬ ಪೂರ್ತಿ ಟಿಪ್ಪಣಿ ಕೇಳಿ ಪಡೆಯಿರಿ. ವಿಡಿಯೋ ಇದ್ದರೆ ಅದರ ಪ್ರತಿ, ಎಂಆರ್‌ಐ ಸಿಡಿ, ಬಯಾಪ್ಸಿ ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಬಯಾಪ್ಸಿ ಬರಲು ಕೆಲವು ದಿನ ಬೇಕು, ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಅದನ್ನು ಯಾರು ತರುವುದು ಎಂದು ಅಲ್ಲಿಂದ ಹೊರಡುವ ದಿನವೇ ಗೊತ್ತುಮಾಡಿಕೊಳ್ಳಿ. ಮೊದಲ ಮರುತಪಾಸಣೆಗೆ ಹೋಗುವಾಗ ಆ ಫೈಲ್ ಮತ್ತು ನೀವು ಬರೆದಿಟ್ಟ ಕ್ಯಾಲೆಂಡರ್, ಎರಡೂ ಜೊತೆಗಿರಲಿ.